ಒಂದೇ ಖಾತೆ ಸಾಕು

ಉಳಿತಾಯದ ಪ್ರತಿ ಉದ್ದೇಶಕ್ಕೂ ಬೇರೆ ಬ್ಯಾಂಕ್ ಖಾತೆ ತೆರೆಯಿರಿ ಅಂತ ಒಂದು ಲೇಖನದಲ್ಲಿ ಓದಿದೆ. ಅಷ್ಟೆಲ್ಲ ಯಾಕೆ? ಕೆಲವು ಬ್ಯಾಂಕುಗಳಲ್ಲಿ ಪ್ರತಿ ಖಾತೆಯಲ್ಲೂ ಮಿನಿಮಮ್ ಬ್ಯಾಲೆನ್ಸ್ ಕಾಯುತ್ತಾ ಕೂರಬೇಕು. ಎಚ್‌ಲೆಡ್ಜರ್ (ಲೆಕ್ಕವನ್ನು ಸಾದಾ ಟೆಕ್ಸ್ಟ್ ಫೈಲಿನಲ್ಲಿ ಬರೆದಿಡುವ ತಂತ್ರಾಂಶ) ಬಳಸುವವರು ಒಂದೇ ಎಸ್‌ಬಿ ಖಾತೆಯ ಕೆಳಗೆ ಫೈಲಿನಲ್ಲೇ ಉಪಖಾತೆ ಮಾಡಿಕೊಂಡರಾಯ್ತು: ಶಾಲೆ ಫೀಸು, ಗಾಡಿ ಇನ್ಶೂರೆನ್ಸ್, ಹಬ್ಬದ ಖರ್ಚು. ಬ್ಯಾಂಕಿನಲ್ಲಿರುವ ದುಡ್ಡು ಅಲುಗಾಡುವುದೇ ಇಲ್ಲ.

ಪಾಸ್‌ಬುಕ್ ಜೊತೆ ತಾಳೆ ನೋಡುವಾಗ ಮಾತ್ರ ಸ್ವಲ್ಪ ಹುಷಾರು. ಪಾಸ್‌ಬುಕ್‌ನ ಬ್ಯಾಲೆನ್ಸ್ ಅನ್ನು ಫೈಲಿನಲ್ಲಿ ಬರೆಯುವಾಗ ಆ ಮೊತ್ತಕ್ಕೆ ಮೊದಲು ಬರೀ = ಹಾಕಿದರೆ ಮೇಲಿನ ಖಾತೆಯೊಂದನ್ನೇ ನೋಡುತ್ತದೆ, ಉಪಖಾತೆಗಳು ಲೆಕ್ಕಕ್ಕಿಲ್ಲ. =* ಹಾಕಿದರೆ ಎಲ್ಲ ಸೇರಿಸಿ ನೋಡುತ್ತದೆ. ಒಂದು ರೂಪಾಯಿ ಹೆಚ್ಚುಕಡಿಮೆ ಆದರೂ ಎರರ್ ಬರುತ್ತದೆ, ಅದೇ ಬೇಕಾಗಿರೋದು ಅಲ್ವಾ?

ಇಂಥದ್ದೇ ಇನ್ನೊಂದು ತಂತ್ರಾಂಶ ಬೀನ್‌ಕೌಂಟ್‌ನಲ್ಲಿ ಉಪಖಾತೆಗಳು ತಾನಾಗಿಯೇ ಸೇರುತ್ತವೆ. ಆದರೆ ಅದು ನೋಡುವುದು ಬ್ಯಾಲೆನ್ಸ್‌ಗೆ ಹಾಕಿದ ತಾರೀಖಿನ ದಿನ ಶುರುವಾಗುವಾಗಿನ ಮೊತ್ತ. ಮಾರ್ಚ್ 31ರ ಕೊನೆಯ ಬ್ಯಾಲೆನ್ಸ್‌ಗೆ ಏಪ್ರಿಲ್ 1ರ ತಾರೀಖು ಹಾಕಿ.