ಆನೆಗೆ ಫೋರ್ತ್ ಸೀಟ್

ತಪ್ಪೆಲ್ಲ ಝೆರಾಕ್ಸ್ ಅಂಗಡಿಯವನದು.

ಮುಂಬಯಿಯ ಮುಲುಂಡಿನಲ್ಲಿ ನಾನು ಭಾನುವಾರ ನಡೆಸುವ ಕನ್ನಡ ಕ್ಲಾಸಿಗೆ ಒಂದು ಚಿತ್ರಪುಸ್ತಕ ಪ್ರಿಂಟ್ ಹಾಕಿಸಿದ್ದೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಮಕ್ಕಳ ಪುಸ್ತಕಗಳು ರಾಶಿ ಬಿದ್ದಿವೆ. ದುಡ್ಡು ಕೊಡಬೇಕಿಲ್ಲ, ಯಾರನ್ನೂ ಕೇಳಬೇಕಿಲ್ಲ, ಇಳಿಸಿಕೊಂಡು ಪ್ರಿಂಟ್ ಹಾಕಿಸಿದರಾಯಿತು. ಕ್ಲಾಸಿನಲ್ಲಿ ಬಿಡಿಸಿ ನೋಡುತ್ತೇನೆ, ಪ್ರತಿ ಪುಟದ ಕೆಳಗಿನ ಸಾಲು ಕತ್ತರಿಸಿ ಹೋಗಿದೆ! ಆನೆ ಇದೆ, ಅದರ ಕತೆ ಇಲ್ಲ. ಫೋನಿನಲ್ಲಿ ನೋಡೋಣವೆಂದರೆ ಚಾರ್ಜ್ ಇಲ್ಲ. ನೆನಪಿನಿಂದ ಹೇಳಬಹುದಿತ್ತಲ್ಲ ಅಂತೀರಾ? ನಿಜ ಹೇಳಿಬಿಡುತ್ತೇನೆ, ನಾನು ಓದಿಯೇ ಇರಲಿಲ್ಲ. ಆನೆಯ ಮುಖ ಮುದ್ದಾಗಿದೆ ಅಂತ ಸುಮ್ನೆ ಇಳಿಸಿಕೊಂಡಿದ್ದೆ.

ಎದುರಿಗೆ ಒಂಬತ್ತು ಮಕ್ಕಳು. ಉಡುಪಿ ಕಡೆಯವರ ಮನೆಯಲ್ಲಿ ತುಳು, ಕಲಬುರಗಿ ಕಡೆಯವರ ಮನೆಯಲ್ಲಿ ಅಲ್ಲಿಯ ಕನ್ನಡ. ಶಾಲೆಯಲ್ಲಿ ಇಂಗ್ಲಿಷ್, ಬಿಲ್ಡಿಂಗಿನ ಕೆಳಗೆ ಆಡುವಾಗ ಹಿಂದಿ, ಭೇಲ್‌ನವನ ಹತ್ತಿರ ಮರಾಠಿ. ನಾನು ಕಲಿಸುವ ಕನ್ನಡಕ್ಕೆ ವಾರಕ್ಕೆ ಒಂದೇ ಗಂಟೆ, ಅದೂ ಅಮ್ಮ ಬೈದಿದ್ದರಿಂದ.

ಅಲ್ಲಿಯ ತನಕ ನನ್ನ ಪಾಠವೆಂದರೆ ಪೊಲೀಸ್ ವಿಚಾರಣೆ. ಇದೇನು? ಆನೆ. ಯಾವ ಬಣ್ಣ? ಕಪ್ಪು. ಕಾಲು ಎಷ್ಟು? ನಾಲ್ಕು. ಒಂದೊಂದೇ ಪದದ ಉತ್ತರ, ಮತ್ತೆ ಮೌನ. ಗೋಡೆಯ ಮೇಲೆ ಅಕ್ಷರಮಾಲೆಯ ಚಾರ್ಟ್. ‘ಆ’ ಪಕ್ಕದಲ್ಲಿ ಆನೆ, ‘ಋ’ ಪಕ್ಕದಲ್ಲಿ ಋಷಿ, ಇಬ್ಬರೂ ಎಷ್ಟೋ ವರ್ಷದಿಂದ ತಪಸ್ಸಿಗೆ ನಿಂತಿದ್ದಾರೆ. 1658ರಲ್ಲೇ ಕೊಮೆನಿಯಸ್ ಎಂಬ ಮೇಷ್ಟ್ರು ಮಕ್ಕಳಿಗೆ ಲ್ಯಾಟಿನ್ ಕಲಿಸಲು ಒಂದು ಚಿತ್ರಪುಸ್ತಕ ಮಾಡಿದ. ಅದರ ಅಕ್ಷರದ ಪುಟಗಳಲ್ಲಿ ಕಾಗೆ ‘ಆ ಆ’ ಅನ್ನುತ್ತದೆ, ಕುರಿಮರಿ ‘ಬೇ ಬೇ’ ಅನ್ನುತ್ತದೆ. ನಮ್ಮ ಚಾರ್ಟಿನ ಆನೆ ಒಂದು ಸಲವೂ ಘೀಳಿಟ್ಟಿದ್ದಿಲ್ಲ.

ಈಗ ಓದಲು ಸಾಲಿಲ್ಲದೆ, ಬೇರೆ ದಾರಿ ಕಾಣದೆ ಕೇಳಿದೆ: “ಏನಾಗ್ತಿದೆ ಇಲ್ಲಿ?”

ಚಿತ್ರದಲ್ಲಿ ಒಂದು ಬೆಂಚು. ಅದರ ಮೇಲೆ ಮೊಲ, ಕೋತಿ, ನರಿ. ತುದಿಯಲ್ಲಿ ಆನೆ, ಅದರ ಮುಕ್ಕಾಲು ಮೈ ಬೆಂಚಿನ ಹೊರಗೆ.

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನನಗೆ ಬಾಯಿ ಕಡಿಯುತ್ತಿತ್ತು. ಮೇಷ್ಟ್ರಿಗೆ ಮೌನ ತಡೆಯುವುದು ಬಹಳ ಕಷ್ಟ, ಮೂರು ಸೆಕೆಂಡ್ ಆದರೆ ನಾವೇ ಉತ್ತರ ಹೇಳಿಬಿಡುತ್ತೇವೆ. ಅವತ್ತು ಹೇಳೋಣವೆಂದರೆ ಉತ್ತರ ನನಗೂ ಗೊತ್ತಿಲ್ಲವಲ್ಲ!

ಹಿಂದಿನ ಸಾಲಿನಿಂದ ಬಂತು: “ಫೋರ್ತ್ ಸೀಟ್!”

ಮುಂಬಯಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಲೋಕಲ್ ರೈಲಿನಲ್ಲಿ ಮೂರು ಜನರ ಸೀಟಿನ ತುದಿಯಲ್ಲಿ ನಾಲ್ಕನೆಯವರು ಅರ್ಧ ತೊಡೆ ಊರಿ ಕೂರುವ ಜಾಗ ಅದು. ಹಕ್ಕಲ್ಲ, ದಾಕ್ಷಿಣ್ಯ.

ಅಲ್ಲಿಂದ ಮುಂದೆ ನನ್ನ ಕೈಯಲ್ಲಿ ಏನೂ ಇರಲಿಲ್ಲ. “ಕೋತಿ ಸರೀತಾ ಇಲ್ಲ, ಅದು ವಿಂಡೋ ಸೀಟ್.” “ನರಿ ನಿದ್ದೆ ಮಾಡೋ ನಾಟಕ.” “ಆನಿ ಕೇಳಾಕತ್ತದ, ನೀ ಎಲ್ಲಿ ಇಳೀತಿ ಅಂತ.” “ಆನಿ ಅಲ್ಲ, ಆನೆ!” “ನಮ್ಮ ಅಜ್ಜಿ ಆನಿ ಅಂತಾಳ!” ಐದು ನಿಮಿಷ ಜಗಳ. ಆನೆಯೋ ಆನಿಯೋ ಎಂಬ ಜಗಳ ಪೂರ್ತಿ ಕನ್ನಡದಲ್ಲೇ ನಡೆಯಿತು, ನಾನು ಬಿಡಿಸಲು ಹೋಗಲಿಲ್ಲ. ಕ್ಲಾಸಿನಲ್ಲಿ ಎಂದೂ ಬಾಯಿ ಬಿಡದ ಒಬ್ಬಳು ನಿಧಾನಕ್ಕೆ ಎದ್ದು, “ಟೀಚರ್, ಆನೆಯ ಸೋಂಡ್ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡ್ರೆ?” ಅಂದಳು. ಸೋಂಡ್ ಮರಾಠಿ. ‘ಸೊಂಡಿಲು’ ಅಂತ ತಿದ್ದಲು ಬಾಯಿ ತೆರೆದವನು ಮುಚ್ಚಿಕೊಂಡೆ. ಪದ ಇನ್ನೊಂದು ಭಾನುವಾರ ಸಿಗುತ್ತದೆ, ಈ ಪ್ರಶ್ನೆ ಸಿಗುತ್ತಾ?

ಚೆಂದದ ಚಿತ್ರಪುಸ್ತಕದಲ್ಲಿ ಸಾಲು ಒಂದು ಹೇಳಿದರೆ ಚಿತ್ರ ಇನ್ನೊಂದು ಹೇಳುತ್ತದೆ, ನಡುವಿನ ಸಂದಿಯಲ್ಲಿ ಮಕ್ಕಳು ನುಗ್ಗುತ್ತಾರೆ. ನಾವು ದೊಡ್ಡವರು ಸಾಲು ಓದಿ ಪುಟ ತಿರುಗಿಸುತ್ತೇವೆ. ಮಕ್ಕಳಿಗೆ ಬೆಂಚಿನ ಕೆಳಗಿನ ಇರುವೆಯೂ ಬೇಕು. ಆ ಇರುವೆ ವಿದೌಟ್ ಟಿಕೆಟ್ ಅಂತೆ.

ಗಂಟೆ ಮುಗಿದರೂ ನಾವು ನಾಲ್ಕನೇ ಪುಟದಲ್ಲೇ ಇದ್ದೆವು.

ಮುಂದಿನ ವಾರ ಸರಿಯಾದ ಪ್ರಿಂಟ್ ತಂದೆ. ಗತ್ತಿನಿಂದ ಪೂರ್ತಿ ಓದಿದೆ. ಆನೆ ಪಾಪ, ಬಿಸಿಲಿಗೆ ನೆರಳು ಹುಡುಕುತ್ತಿತ್ತಂತೆ, ಅಷ್ಟೇ. ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

“ತಪ್ಪು ಬರೆದಿದ್ದಾರೆ ಟೀಚರ್,” ಅಂದಳು ಸೋಂಡಿನ ಹುಡುಗಿ. “ಅದಕ್ಕೆ ಕಲ್ಯಾಣ್ ತನಕ ಹೋಗಬೇಕು. ಇನ್ನೂ ಸೀಟೇ ಸಿಕ್ಕಿಲ್ಲ.”