ಬಾಡಿಗೆ ಬೇಕು, ಬಾಡಿಗೆದಾರರ ತಲೆನೋವು ಬೇಡ ಎನ್ನುವವರಿಗೆ

ಬೆಂಗಳೂರಿನಲ್ಲಿ ಫ್ಲಾಟ್ ಕೊಂಡು ಬಾಡಿಗೆಗೆ ಬಿಟ್ಟರೆ ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ. 3-4 ಬಂದರೆ ದೊಡ್ಡದು. ಆಸ್ತಿ ತೆರಿಗೆ, ಮೇಂಟೆನೆನ್ಸ್, ಪೇಂಟಿಂಗು, ಖಾಲಿ ಬಿದ್ದ ತಿಂಗಳುಗಳ ನಷ್ಟ ಎಲ್ಲ ಅದರಲ್ಲೇ ಕಳೆಯಬೇಕು. ಈ ಉಸಾಬರಿ ಬೇಡವೆಂದರೆ ರೀಟ್ (REIT) ಒಳ್ಳೆಯ ದಾರಿ. ಹಲವರ ಹಣ ಸೇರಿಸಿ ಕಚೇರಿ, ಮಾಲ್‌ಗಳನ್ನು ಹೊಂದಿ, ಬಂದ ಬಾಡಿಗೆಯನ್ನು ಹೂಡಿಕೆದಾರರಿಗೆ ಹಂಚುವ ಟ್ರಸ್ಟ್ ಇದು; ಇದರ ಒಂದೊಂದು ಪಾಲಿಗೆ ಯೂನಿಟ್ ಎನ್ನುತ್ತಾರೆ. ಆದರೆ ಯೀಲ್ಡ್ (ಹಾಕಿದ ದುಡ್ಡಿಗೆ ವರ್ಷಕ್ಕೆ ಶೇಕಡಾ ಎಷ್ಟು ಬರುತ್ತದೆ ಎಂಬುದು) ಒಂದನ್ನೇ ನೋಡಿ ದಯವಿಟ್ಟು ಕೊಳ್ಳಬೇಡಿ.

ದೇಶದ ಮೊದಲ ರೀಟ್ ಎಂಬೆಸಿ ಆಫೀಸ್ ಪಾರ್ಕ್ಸ್ ಷೇರುಪೇಟೆಗೆ ಬಂದದ್ದು 2019ರ ಏಪ್ರಿಲ್‌ನಲ್ಲಿ. ನಾಗವಾರದ ಮಾನ್ಯತಾ ಟೆಕ್ ಪಾರ್ಕ್ ಅದರದ್ದೇ. ಕೋರಮಂಗಲದ ಹಳೆಯ ಫೋರಂ ಮಾಲ್ ಇರುವುದು ನೆಕ್ಸಸ್ ಸೆಲೆಕ್ಟ್ ಟ್ರಸ್ಟ್‌ನಲ್ಲಿ. ಡಿಮ್ಯಾಟ್ ಖಾತೆ ಇದ್ದರೆ ಒಂದೇ ಒಂದು ಯೂನಿಟ್ ಕೂಡ ಕೊಳ್ಳಬಹುದು. ಷೇರುಪೇಟೆ ನಿಯಂತ್ರಕ ಸೆಬಿಯ ನಿಯಮದಂತೆ ಕನಿಷ್ಠ ಶೇ. 80ರಷ್ಟು ಆಸ್ತಿ ಕಟ್ಟಿ ಮುಗಿದು ಬಾಡಿಗೆ ತರುತ್ತಿರಬೇಕು, ಹಂಚಬಹುದಾದ ನಗದಿನಲ್ಲಿ ಶೇ. 90 ಹೂಡಿಕೆದಾರರಿಗೆ ಹೋಗಬೇಕು.

ಹಾಗೆ ಕೈಗೆ ಬರುವ ಹಣದಲ್ಲಿ ಮೂರು ಭಾಗಗಳಿರುತ್ತವೆ: ಕಟ್ಟಡದ ಒಡೆತನವಿರುವ ಕಂಪನಿಗೆ ರೀಟ್ ಕೊಟ್ಟ ಸಾಲದ ಬಡ್ಡಿ, ಆ ಕಂಪನಿಯ ಡಿವಿಡೆಂಡ್, ಆ ಸಾಲದ ಮರುಪಾವತಿ. ಒಂದು ಲೆಕ್ಕ ನೋಡಿ. 400 ರೂಪಾಯಿಗೆ ಕೊಂಡ ಯೂನಿಟ್‌ಗೆ ವರ್ಷಕ್ಕೆ 24 ರೂಪಾಯಿ ಬಂತು ಎನ್ನೋಣ, ಅಂದರೆ ಶೇ. 6. ಅದರಲ್ಲಿ 10 ರೂಪಾಯಿ ಬಡ್ಡಿ. ಶೇ. 10 ಟಿಡಿಎಸ್ ಕಳೆದು ಬರುತ್ತದೆ, ಆಮೇಲೆ ನಿಮ್ಮ ಸ್ಲ್ಯಾಬ್ ಪ್ರಕಾರ ತೆರಿಗೆ. ಶೇ. 30ರ ಸ್ಲ್ಯಾಬ್‌ನವರಿಗೆ ಸೆಸ್ ಬಿಟ್ಟೇ 3 ರೂಪಾಯಿ ಹೋಯಿತು. 6 ರೂಪಾಯಿ ಡಿವಿಡೆಂಡ್. ಕಟ್ಟಡದ ಒಡೆತನವಿರುವ ಕಂಪನಿ ಕಡಿಮೆ ದರದ ಕಾರ್ಪೊರೇಟ್ ತೆರಿಗೆ ಆರಿಸಿಕೊಂಡಿರದಿದ್ದರೆ ಮಾತ್ರ ಇದಕ್ಕೆ ವಿನಾಯಿತಿ. ಉಳಿದ 8 ರೂಪಾಯಿ ಸಾಲ ಮರುಪಾವತಿ. ಇದಕ್ಕೆ ಈಗ ತೆರಿಗೆಯಿಲ್ಲ, ಆದರೆ ನಿಮ್ಮ ಕೊಂಡ ಬೆಲೆ 392ಕ್ಕೆ ಇಳಿಯುತ್ತದೆ. ಮಾರುವಾಗ ಆ 8 ರೂಪಾಯಿ ಲಾಭದ ಲೆಕ್ಕಕ್ಕೆ ಸೇರುತ್ತದೆ. ಎಷ್ಟೋ ಜನ ಇದನ್ನು ಬರೆದಿಟ್ಟುಕೊಳ್ಳುವುದೇ ಇಲ್ಲ. ರೀಟ್ ವರ್ಷಕ್ಕೊಮ್ಮೆ ಕಳಿಸುವ ವಿವರ ಪಟ್ಟಿಯನ್ನು ಜೋಪಾನ ಮಾಡಿ.

ಯೂನಿಟ್ ಬೆಲೆಯೂ ಬೀಳುತ್ತದೆ, ಇದು ಎಫ್‌ಡಿ ಅಲ್ಲ. ಬಡ್ಡಿದರ ಏರಿದಾಗ ಒತ್ತಡ ಬೀಳುತ್ತದೆ. ಕೊಳ್ಳುವ ಮುನ್ನ ತ್ರೈಮಾಸಿಕ ವರದಿಯಲ್ಲಿ ಆಕ್ಯುಪೆನ್ಸಿ (ಎಷ್ಟು ಜಾಗ ಬಾಡಿಗೆಗೆ ಹೋಗಿದೆ), ಮುಂದಿನ ಎರಡು ವರ್ಷಗಳಲ್ಲಿ ಎಷ್ಟು ಲೀಸ್ ಮುಗಿಯುತ್ತದೆ, ಬಾಡಿಗೆಯಲ್ಲಿ ಅತಿ ದೊಡ್ಡ ಹತ್ತು ಬಾಡಿಗೆದಾರರ ಪಾಲೆಷ್ಟು, ಸಾಲವೆಷ್ಟು ಎಂದು ನೋಡಿ. ಸಾಲಕ್ಕೆ ಆಸ್ತಿ ಮೌಲ್ಯದ ಶೇ. 49ರ ಮಿತಿಯಿದೆ, ನನ್ನ ಮಟ್ಟಿಗೆ ಶೇ. 35 ದಾಟಿದರೇ ಯೋಚಿಸಬೇಕು. ಎಸ್‌ಇಜೆಡ್ (ವಿಶೇಷ ಆರ್ಥಿಕ ವಲಯ) ಜಾಗ ಎಷ್ಟು ಖಾಲಿ ಎಂಬುದನ್ನು ಬೇರೆಯಾಗಿಯೇ ನೋಡಿ. 2020ರ ಮಾರ್ಚ್ ನಂತರ ಅಲ್ಲಿ ಶುರುವಾಗುವ ಹೊಸ ಘಟಕಗಳಿಗೆ ಆದಾಯ ತೆರಿಗೆ ರಜೆ ನಿಂತ ಮೇಲೆ ಅದು ಸುಲಭಕ್ಕೆ ತುಂಬುತ್ತಿರಲಿಲ್ಲ.

2024ರಲ್ಲಿ ಬಂದ ಎಸ್‌ಎಂ ರೀಟ್‌ಗೆ (ಸಣ್ಣ ಮತ್ತು ಮಧ್ಯಮ ರೀಟ್) ಕನಿಷ್ಠ 10 ಲಕ್ಷ ಬೇಕು. ಅಲ್ಲಿ ಒಂದು ಸ್ಕೀಮಿಗೆ ಒಂದೇ ಕಟ್ಟಡವಿರಬಹುದು. ದೊಡ್ಡ ಬಾಡಿಗೆದಾರ ಎದ್ದುಹೋದರೆ ಆದಾಯ ಅರ್ಧಕ್ಕಿಳಿಯಬಹುದು, ಬೇಕೆಂದಾಗ ಕೊಳ್ಳುವವರೂ ಸಿಗಲಿಕ್ಕಿಲ್ಲ. ಬಾಡಿಗೆದಾರರ ಲಾಕ್-ಇನ್ (ಬಿಟ್ಟುಹೋಗುವಂತಿಲ್ಲದ ಅವಧಿ) ಮುಗಿಯುವ ತಾರೀಖು ನೋಡದೆ ಸಹಿ ಹಾಕಬೇಡಿ.