ಕೊಲೆ ಶಿಕ್ಷೆಯ ಮೇಲ್ಮನವಿ: ಹಕ್ಕು ದೊಡ್ಡದು, ಹಕ್ಕುದಾರ ದೂರ

ಕೊಲೆ ಪ್ರಕರಣದಲ್ಲಿ ಅಪರಾಧಿ ಎಂದು ತೀರ್ಪಾದವನಿಗೆ ಮೇಲ್ಮನವಿ ಸಲ್ಲಿಸುವುದು ಭಾರತದಲ್ಲಿ ಹಕ್ಕು. ನಾನೀಗ ನೆಲೆಸಿರುವ ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಅದಕ್ಕೆ ನ್ಯಾಯಾಲಯದ ಅನುಮತಿ ಬೇಕು. ಬೆಂಗಳೂರಿನಲ್ಲಿ ಹಿರಿಯ ವಕೀಲರೊಬ್ಬರ ಕೈಕೆಳಗೆ ಆರು ವರ್ಷ ಕ್ರಿಮಿನಲ್ ಮೇಲ್ಮನವಿಗಳ ಕಡತ ಸಿದ್ಧಪಡಿಸುತ್ತಿದ್ದ ನನಗೆ, ಬರ್ಮಿಂಗ್‌ಹ್ಯಾಮಿಗೆ ಬಂದು ಇಲ್ಲಿನ ಪದ್ಧತಿಯನ್ನು ಹತ್ತಿರದಿಂದ ನೋಡುವವರೆಗೂ ನಮ್ಮ ಆ ಹಕ್ಕಿನ ಬೆಲೆ ತಿಳಿದಿರಲಿಲ್ಲ. ಆದರೆ ಆ ಹಕ್ಕು ಯಾರದೋ ಅವನನ್ನೇ ನಾವು ಅದರಿಂದ ಎಷ್ಟು ದೂರ ನಿಲ್ಲಿಸಿದ್ದೇವೆ ಎಂಬುದೂ ನನಗೆ ಕಂಡದ್ದು ಇಲ್ಲಿಗೆ ಬಂದ ಮೇಲೆಯೇ.

ಇಂಗ್ಲೆಂಡಿನ ಕ್ರೌನ್ ಕೋರ್ಟಿನಲ್ಲಿ ಕೊಲೆಯ ಆರೋಪವನ್ನು ತೀರ್ಮಾನಿಸುವವರು ಜ್ಯೂರಿ ಸದಸ್ಯರು, ಅಂದರೆ ಸಾಮಾನ್ಯ ನಾಗರಿಕರು. ಅವರು ಅಪರಾಧಿ ಎನ್ನುತ್ತಾರೆ, ಇಲ್ಲವೇ ಅಲ್ಲ ಎನ್ನುತ್ತಾರೆ. ಏಕೆ ಎಂದು ಹೇಳುವುದಿಲ್ಲ. ಶಿಕ್ಷೆಯಾದವನು 28 ದಿನಗಳೊಳಗೆ ಅನುಮತಿ ಕೋರಬೇಕು. ಒಬ್ಬ ನ್ಯಾಯಮೂರ್ತಿ ಕಾಗದಪತ್ರಗಳನ್ನು ನೋಡಿ ಅನುಮತಿ ಕೊಡಬಹುದು, ನಿರಾಕರಿಸಬಹುದು. ನಿರಾಕರಿಸಿದ ಮೇಲೂ ಹುರುಳಿಲ್ಲದ ಅರ್ಜಿಯನ್ನು ಮುಂದುವರಿಸಿದರೆ, ಕಾಯುತ್ತಾ ಜೈಲಿನಲ್ಲಿ ಕಳೆದ ದಿನಗಳಲ್ಲಿ ಕೆಲವನ್ನು ಶಿಕ್ಷೆಯ ಲೆಕ್ಕದಿಂದ ಬಿಟ್ಟುಬಿಡುವ ಅಧಿಕಾರ ನ್ಯಾಯಾಲಯಕ್ಕಿದೆ. ಅನುಮತಿ ದೊರೆತ ಮೇಲೂ ಕೋರ್ಟ್ ಆಫ್ ಅಪೀಲ್ ಕೇಳಿಕೊಳ್ಳುವ ಪ್ರಶ್ನೆ ಒಂದೇ: ಈ ತೀರ್ಪನ್ನು ನೆಚ್ಚಿಕೊಳ್ಳುವುದು ಕ್ಷೇಮವೇ?

ನಮ್ಮಲ್ಲಿ ಸೆಷನ್ಸ್ ನ್ಯಾಯಾಧೀಶರು ಪ್ರತಿ ತೀರ್ಮಾನಕ್ಕೂ ಕಾರಣ ಬರೆಯಬೇಕು. ಹಿಂದಿನ ದಂಡ ಪ್ರಕ್ರಿಯಾ ಸಂಹಿತೆಯ 374ನೇ ಕಲಮು 2024ರ ಜುಲೈ 1ರಿಂದ ನಾಗರಿಕ ಸುರಕ್ಷಾ ಸಂಹಿತೆಯ 415ನೇ ಕಲಮಾಯಿತು, ಕೊಲೆಗೆ ದಂಡ ಸಂಹಿತೆಯ 302ನೇ ಕಲಮು ಹೋಗಿ ನ್ಯಾಯ ಸಂಹಿತೆಯ 103 ಬಂತು. ಹಕ್ಕು ಮಾತ್ರ ಹಾಗೆಯೇ ಉಳಿದಿದೆ. ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಲು 60 ದಿನಗಳಿವೆ, ಮರಣದಂಡನೆಯಾದರೆ 30. ಮರಣದಂಡನೆಗೆ ಒಳಗಾದವನು ಮೇಲ್ಮನವಿಯನ್ನೇ ಸಲ್ಲಿಸದಿದ್ದರೂ ಹೈಕೋರ್ಟು ದೃಢಪಡಿಸದೆ ಆ ಶಿಕ್ಷೆ ಜಾರಿಯಾಗುವಂತಿಲ್ಲ. ಜೈಲಿನಲ್ಲಿರುವವನು ಜೈಲಿನ ಅಧಿಕಾರಿಯ ಕೈಗೇ ಮನವಿ ಕೊಡಬಹುದು. ತೀರ್ಪಿನ ಪ್ರತಿಯನ್ನೂ ವಕೀಲರ ನೆರವನ್ನೂ ಉಚಿತವಾಗಿ ಒದಗಿಸಬೇಕೆಂದು ಸುಪ್ರೀಂ ಕೋರ್ಟ್ 1978ರಲ್ಲಿಯೇ ಹೇಳಿದೆ.

ಇದೆಲ್ಲಕ್ಕಿಂತ ದೊಡ್ಡ ಮಾತೆಂದರೆ, ಹೈಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಸಾಕ್ಷ್ಯವನ್ನು ಮೊದಲಿನಿಂದ ತೂಗಿ ನೋಡಬೇಕು. ಪ್ರತಿ ಸಾಕ್ಷಿಯ ಮುಖ್ಯ ವಿಚಾರಣೆ, ಪಾಟೀ ಸವಾಲು (ಎದುರು ಪಕ್ಷದ ವಕೀಲರು ಸಾಕ್ಷಿಗೆ ಕೇಳುವ ಪ್ರಶ್ನೆಗಳು), ಮಹಜರು, ಮರಣೋತ್ತರ ಪರೀಕ್ಷೆಯ ವರದಿ, ಎಲ್ಲವೂ ಮತ್ತೆ ಅವರ ಮೇಜಿನ ಮೇಲೆ ಬರುತ್ತವೆ. ಕಣ್ಣಾರೆ ಕಂಡವರಿಲ್ಲದ ಪ್ರಕರಣದಲ್ಲಿ ಸಾಂದರ್ಭಿಕ ಸಾಕ್ಷ್ಯದ ಸರಪಳಿ ಎಲ್ಲಿಯೂ ಕಡಿಯದೆ ಆರೋಪಿಯ ಅಪರಾಧವೊಂದನ್ನೇ ತೋರಬೇಕೆಂದು 1984ರಲ್ಲಿ ಸುಪ್ರೀಂ ಕೋರ್ಟ್ ವಿವರಿಸಿದ ಐದು ಸೂತ್ರಗಳನ್ನು ಇಲ್ಲಿ ಹಚ್ಚಿ ನೋಡಲಾಗುತ್ತದೆ. ಹೊಲದ ಬದುವಿನ ಜಗಳದಲ್ಲಿ ಸಿಟ್ಟಿನ ಭರಕ್ಕೆ ಬೀಸಿದ ಕುಡುಗೋಲು ಕೊಲೆಯೋ, ಕೊಲೆಯ ಮಟ್ಟಕ್ಕೇರದ ನರಹತ್ಯೆಯೋ ಎಂಬುದನ್ನು ಹೈಕೋರ್ಟು ಹೊಸದಾಗಿ ತೀರ್ಮಾನಿಸಿ, ಜೀವಾವಧಿ ಶಿಕ್ಷೆಯನ್ನು ಕೆಲವು ವರ್ಷಗಳಿಗೆ ಇಳಿಸಬಹುದು. ಕೋರ್ಟುಗಳ ಹೊರೆ ಇಳಿಸಲು ನಮ್ಮಲ್ಲಿಯೂ ಇಂಗ್ಲೆಂಡಿನಂತೆ ಮೊದಲು ಅನುಮತಿ ಎಂಬ ಜರಡಿ ಹಿಡಿಯಬೇಕೆಂದು ಸ್ನೇಹಿತರೊಬ್ಬರು ವಾದಿಸಿದರು. ನಾನು ಒಪ್ಪಲಾರೆ. ಪೊಲೀಸರು ಬರೆದ ಪಂಚನಾಮೆಗೆ ಸಾಕ್ಷಿಯಾಗಿ ಸಹಿ ಹಾಕಿದ ಪಂಚರೇ ಕಟಕಟೆಯಲ್ಲಿ ಮಾತು ತಿರುಗಿಸಿ ಪ್ರತಿಕೂಲ ಸಾಕ್ಷಿಗಳಾಗುವ, ಬಡ ಆರೋಪಿಯ ಪರವಾಗಿ ಪಾಟೀ ಸವಾಲು ನಾಲ್ಕು ಸಾಲಿನಲ್ಲಿ ಮುಗಿದುಹೋಗುವ ನಾಡಿನಲ್ಲಿ, ಎರಡನೆಯ ಬಾರಿ ಪೂರ್ತಿ ಓದುವ ಕಣ್ಣುಗಳು ಬೇಕೇ ಬೇಕು.

ಆದರೆ ಆ ಕಣ್ಣುಗಳು ಓದುವುದು ಯಾವಾಗ? ಜೀವಾವಧಿ ಶಿಕ್ಷೆಯಾದವರಿಗೆ ಮೇಲ್ಮನವಿಯ ಅವಧಿಯಲ್ಲಿ ಜಾಮೀನು ಕೊಡದಿರುವ ರೂಢಿ ಹುಟ್ಟಿದ್ದೇ ಮನವಿಯನ್ನು ಬೇಗ ಕೇಳಿ ಮುಗಿಸುತ್ತೇವೆಂಬ ನಂಬಿಕೆಯ ಮೇಲೆ. ಅದು ಸಾಧ್ಯವಾಗದಿದ್ದರೆ, ಬೇರೆ ಬಲವಾದ ಕಾರಣವಿಲ್ಲದೆ ಅವನನ್ನು ಒಳಗಿಡಬಾರದು ಎಂದು ಸುಪ್ರೀಂ ಕೋರ್ಟ್ 1977ರಲ್ಲಿ ಹೇಳಿತ್ತು. ಅದಾಗಿ ದಶಕಗಳ ನಂತರವೂ, 2022ರಲ್ಲಿ, ಹತ್ತು ವರ್ಷ ಜೈಲಿನಲ್ಲಿ ಕಳೆದು ಮೇಲ್ಮನವಿ ಬಾಕಿ ಇರುವವರ ಜಾಮೀನಿನ ಬಗ್ಗೆ ಅದೇ ನ್ಯಾಯಾಲಯ ಅಲಹಾಬಾದ್ ಹೈಕೋರ್ಟಿಗೆ ಮತ್ತೆ ತಿಳಿಹೇಳಬೇಕಾಯಿತು. ವಿಶಾಲವಾದ ಹಕ್ಕು ಹತ್ತು ವರ್ಷ ಕಪಾಟಿನಲ್ಲಿ ಕುಳಿತರೆ, 28 ದಿನಗಳ ಇಕ್ಕಟ್ಟಾದ ಬಾಗಿಲಿಗಿಂತ ಅದು ಹೇಗೆ ಮೇಲು ಎಂಬ ಪ್ರಶ್ನೆಗೆ ನನ್ನಲ್ಲಿ ಸಮಾಧಾನದ ಉತ್ತರವಿಲ್ಲ.

ಇಂಗ್ಲೆಂಡಿನಿಂದ ಒಂದನ್ನು ಮಾತ್ರ ನಾವು ತರಲೇಬೇಕು. ನಾನಿರುವ ಊರಿನ ಎರಡು ಪಬ್‌ಗಳಲ್ಲಿ 1974ರಲ್ಲಿ ಬಾಂಬ್ ಸಿಡಿದು 21 ಜನ ಸತ್ತರು. ಮರುವರ್ಷ ಆರು ಮಂದಿಗೆ ಜೀವಾವಧಿ ಶಿಕ್ಷೆಯಾಯಿತು. 1976ರಲ್ಲಿ ಅವರಿಗೆ ಮೇಲ್ಮನವಿಯ ಅನುಮತಿ ಸಿಗಲಿಲ್ಲ, 1988ರಲ್ಲಿ ಪ್ರಕರಣ ಮತ್ತೆ ಬಂದರೂ ಫಲವಿಲ್ಲವಾಯಿತು, 1991ರಲ್ಲಿ ಶಿಕ್ಷೆ ರದ್ದಾಯಿತು. ಆ ಅವಮಾನದಿಂದ ಪಾಠ ಕಲಿತು, ಮೇಲ್ಮನವಿಗಳೆಲ್ಲ ಮುಗಿದ ಮೇಲೂ ಹೊಸ ಸಾಕ್ಷ್ಯ ಹುಡುಕಿ ಪ್ರಕರಣವನ್ನು ಮತ್ತೆ ನ್ಯಾಯಾಲಯಕ್ಕೆ ಕಳಿಸಬಲ್ಲ ಸ್ವತಂತ್ರ ಆಯೋಗವೊಂದನ್ನು 1997ರಲ್ಲಿ ಇದೇ ಊರಿನಲ್ಲಿ ಆರಂಭಿಸಿದರು. ಅದರ ವಿಳಂಬದ ಬಗ್ಗೆ ಇಲ್ಲಿಯೂ ಟೀಕೆಗಳಿವೆ, ಆದರೂ ಅಂಥದೊಂದು ಬಾಗಿಲು ಇದೆ. ನಮ್ಮಲ್ಲಿ ಸುಪ್ರೀಂ ಕೋರ್ಟಿನ ನಂತರ ಉಳಿಯುವುದು ಪುನರ್‌ಪರಿಶೀಲನಾ ಅರ್ಜಿ, ಅದೂ ವಜಾ ಆದ ಮೇಲೆ ಅದೇ ನ್ಯಾಯಾಲಯಕ್ಕೆ ಸಲ್ಲಿಸುವ ಕ್ಯುರೇಟಿವ್ ಅರ್ಜಿ, ಕ್ಷಮಾದಾನದ ಮನವಿ. ಹೊಸದಾಗಿ ತನಿಖೆ ಮಾಡುವವರು ಯಾರೂ ಇಲ್ಲ. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ 2009ರಲ್ಲಿ ಸುಪ್ರೀಂ ಕೋರ್ಟೇ ಮರಣದಂಡನೆ ವಿಧಿಸಿದ್ದ ಆರು ಮಂದಿಯನ್ನು ಅದೇ ನ್ಯಾಯಾಲಯ 2019ರಲ್ಲಿ ನಿರ್ದೋಷಿಗಳೆಂದು ಬಿಟ್ಟು, ತಲಾ 5 ಲಕ್ಷ ರೂಪಾಯಿ ಕೊಡಿಸಿತು. ಅವರು ಬದುಕಿದ್ದುದರಿಂದ ಆ ತಪ್ಪನ್ನು ತಿದ್ದಲು ಸಾಧ್ಯವಾಯಿತು.

ಇನ್ನು ಭಾಷೆಯ ಮಾತು. ಕರ್ನಾಟಕದ ಸೆಷನ್ಸ್ ನ್ಯಾಯಾಲಯಗಳಲ್ಲಿ ಸಾಕ್ಷಿಗಳ ಹೇಳಿಕೆ ಕನ್ನಡದಲ್ಲಿ ದಾಖಲಾಗುತ್ತದೆ. ಹೈಕೋರ್ಟಿನ ವ್ಯವಹಾರ ಇಂಗ್ಲಿಷಿನಲ್ಲಿ. ನಡುವಿನ ಅನುವಾದದ ಕೆಲಸ ನನ್ನಂಥ ಕಿರಿಯರ ಪಾಲಿಗೆ ಬರುತ್ತಿತ್ತು, ಒಂದು ‘ಅಂತೆ’ ಕೈತಪ್ಪಿದರೆ ಕೇಳಿದ ಮಾತು ಕಂಡ ಮಾತಾಗಿಬಿಡುತ್ತಿತ್ತು. ಇಂಗ್ಲೆಂಡಿನಲ್ಲಿ ಅನುಮತಿ ದೊರೆತ ಮೇಲ್ಮನವಿಯ ವಿಚಾರಣೆಗೆ ಕೈದಿ ಸಾಮಾನ್ಯವಾಗಿ ತಾನೇ ಹಾಜರಿರಬಹುದು, ಇಲ್ಲವೇ ಜೈಲಿನಿಂದ ವಿಡಿಯೊ ಮೂಲಕ ನೋಡಬಹುದು, ಮತ್ತು ಇಂಗ್ಲಿಷ್ ಬಲ್ಲವನಿಗೆ ತನ್ನ ಬಗ್ಗೆ ಆಡುವ ಪ್ರತಿ ಮಾತೂ ಅರ್ಥವಾಗುತ್ತದೆ. ನಮ್ಮಲ್ಲಿ ಜೈಲಿನಲ್ಲಿರುವವನನ್ನು ಹೈಕೋರ್ಟಿಗೆ ಕರೆತರುವುದು ಅಪರೂಪ. ಅವನ ಪರವಾಗಿ ವಕೀಲರು, ಅವನಿಗೆ ತಿಳಿಯದ ಭಾಷೆಯಲ್ಲಿ, ಅವನಿಲ್ಲದ ಕೋಣೆಯಲ್ಲಿ ಮಾತನಾಡುತ್ತಾರೆ. ವಿಡಿಯೊ ಸೌಲಭ್ಯ ನಮ್ಮ ಜೈಲುಗಳಿಗೂ ಬಂದಿರುವಾಗ ಅವನಿಗೆ ತನ್ನದೇ ವಿಚಾರಣೆಯನ್ನು ತೋರಿಸಲು, ತೀರ್ಪಿನ ಕನ್ನಡ ಪ್ರತಿಯನ್ನು ಅವನ ಕೈಗೆ ಕೊಡಲು ಯಾವ ಅಡ್ಡಿಯೂ ನನಗೆ ಕಾಣುವುದಿಲ್ಲ.

ಧಾರವಾಡದಲ್ಲಿ ಹೈಕೋರ್ಟಿನ ಪೀಠ ಆರಂಭವಾದ 2008ಕ್ಕೂ ಮುಂಚಿನ ಮಾತು. ಹಾವೇರಿ ಕಡೆಯ ಹಿರಿಯರೊಬ್ಬರು ರಾತ್ರಿಯಿಡೀ ಪ್ರಯಾಣ ಮಾಡಿ ಬೆಂಗಳೂರಿಗೆ ಬಂದಿದ್ದರು. ಏಳು ವರ್ಷ ಒಳಗಿದ್ದ ಅವರ ಮಗನನ್ನು ಅಂದು ಹೈಕೋರ್ಟು ಖುಲಾಸೆ ಮಾಡಿತ್ತು. ಮೊಗಸಾಲೆಯಲ್ಲಿ ನನ್ನನ್ನು ನಿಲ್ಲಿಸಿ, ಯಾಕೆ ಬಿಟ್ಟರು ಎಂದು ಕೇಳಿದರು. ಕುಡುಗೋಲು ಸಿಕ್ಕಿತೆಂಬ ಪಂಚನಾಮೆಯ ಪಂಚನು ಪಾಟೀ ಸವಾಲಿನಲ್ಲಿ ಒಪ್ಪಿಕೊಂಡಿದ್ದ ಸಾಲನ್ನು ಕಡತದಿಂದ ತೆಗೆದು, ಅದಿದ್ದ ಕನ್ನಡದಲ್ಲಿಯೇ ಓದಿದೆ: ‘ಪೊಲೀಸರು ಠಾಣೆಯಲ್ಲಿ ಹೇಳಿದ ಕಡೆ ನಾನು ಸಹಿ ಮಾಡಿದ್ದೇನೆ ಎಂದರೆ ಸರಿ.’ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ‘ಇದನ್ನ ಅವ ಅವತ್ತ ಹೇಳಿದ್ನಲ್ರೀ. ನಾ ಅಲ್ಲೇ ಕುಂತಿದ್ದೆ.’